ಮಿಡಿಗೆ ಬೆರಳು ತೋರಿಸಬಾರದು

ಫೆಬ್ರವರಿ 4, 2008, ಸೋಮವಾರ

ಗೊಬ್ಬರದಂಗಡಿಯವರು ಅಪ್ಪಯ್ಯನಿಗೆ ಪುಕ್ಕಟೆ ಕೊಟ್ಟ ಡೈರಿ ಇದು. ಒಂದಕ್ಷರವೂ ಬರೆಸಿಕೊಳ್ಳದೆ ಕಪಾಟಿನಲ್ಲಿ ಬಿದ್ದಿತ್ತು. ಇಲ್ಲಿ ನನಗೆ ಮಾತಿಗೆ ಜನವಿಲ್ಲ. ಇದರ ಜೊತೆಗೇ ಆಡಿಕೊಳ್ಳುತ್ತೇನೆ.

ಹಿರೇಕೊಡಿಗೆಗೆ ಬಂದು ವಾರವಾಯಿತು. ಮೂರು ಕಡೆ ಗುಡ್ಡ, ನಾಲ್ಕನೇ ಕಡೆ ಅಮ್ಮ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಅಂಡಮಾನಿನಲ್ಲಿ ನನ್ನ ಕೆಲಸ ಏನೆಂದು ಊರಿನವರಿಗೆ ಹೇಳಿ ಹೇಳಿ ಸಾಕಾಗಿದೆ. ಪ್ರವಾಸಿಗರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಸಮುದ್ರದ ಅಡಿಗೆ ಕರೆದುಕೊಂಡು ಹೋಗಿ, ಹವಳದ ನಡುವೆ ಅಡಗಿ ಕೂತ ಮೀನುಗಳನ್ನು ಹುಡುಕಿ ತೋರಿಸುವುದು. ಮುರುಡೇಶ್ವರದ ಲಾಡ್ಜಿಗೆ ತಟ್ಟೆ ತೊಳೆಯಲು ಹೋದವನು, ಅಲ್ಲಿ ಡೈವಿಂಗ್ ದೋಣಿಯವರಿಗೆ ಸಿಲಿಂಡರ್ ಹೊತ್ತು, ಅವರ ಹಿಂದೆಯೇ ನೀರಿಗಿಳಿದು, ಕೊನೆಗೆ ಅಂಡಮಾನು ಮುಟ್ಟಿದೆ. ಕಳೆದ ತಿಂಗಳು ನೆಗಡಿ ಇದ್ದರೂ ಧಿಮಾಕಿನಿಂದ ಇಳಿದೆ. ಎಡಗಿವಿಯ ಪರದೆ ಹರಿಯಿತು. ವಾಸಿಯಾಗುವವರೆಗೆ ತಲೆಗೂ ನೀರು ಹಾಕಬಾರದು ಎಂದರು ಡಾಕ್ಟರು. ನಮ್ಮ ಬಾಸ್ ಸೆಲ್ವಂ, "ಏಪ್ರಿಲ್ ಒಂದಕ್ಕೆ ಬಂದುಬಿಡು. ಬರದಿದ್ದರೆ ನಿನ್ನ ಜಾಗದಲ್ಲಿ ಬೇರೆಯವನು ಇರ್ತಾನೆ" ಎಂದು ನಗುತ್ತಲೇ ಹೇಳಿ ಕಳಿಸಿದ. ಅವನು ನಗುತ್ತಾ ಹೇಳಿದ್ದನ್ನೆಲ್ಲ ಮಾಡಿಯೇ ತೀರುತ್ತಾನೆ.

ಬಂದ ದಿನ ಅಂಗಳಕ್ಕೆ ಕಾಲಿಟ್ಟಾಗ ಅಪ್ಪಯ್ಯ ಜಗುಲಿಯ ಮೇಲೆ ನನ್ನ ಕಡೆಗೇ ಮುಖ ಮಾಡಿ ಕೂತಿದ್ದರು. ಎರಡು ವರ್ಷದ ಮೇಲೆ ಬಂದ ಮಗ. ಏಳಲಿಲ್ಲ, ಬಾ ಎನ್ನಲಿಲ್ಲ. ನಾನೂ ಬಿಗುಮಾನದಿಂದ ನಿಂತೇ ಇದ್ದೆ. ಅಮ್ಮ ಒಳಗಿನಿಂದ ಬಂದು, "ಅಯ್ಯೋ, ಧರ್ಮ ಬಂದ ನೋಡಿ ಇವ್ರೇ! ಹೆಗಲಿಗೆ ಬ್ಯಾಗ್ ಹಾಕ್ಕಂಡು ಅಂಗಳದಲ್ಲೇ ನಿಂತಿದಾನೆ" ಎಂದು ಕೂಗಿದ ಮೇಲೆಯೇ, "ಬಂದ್ಯಾ ಮಾರಾಯ" ಎಂದರು.

ಗದ್ದೆ ಬಿಟ್ಟು ಹೋದ ಸಿಟ್ಟು ಇನ್ನೂ ಇಳಿದಿಲ್ಲ.

ಫೆಬ್ರವರಿ 7, ಗುರುವಾರ

ಈ ಮನೆಯಲ್ಲಿ ಉಸಿರಾಡಲೂ ಅಪ್ಪಣೆ ಬೇಕು. ನಿನ್ನೆ ನನ್ನ ಬ್ಯಾಗನ್ನು ನಡುಮನೆಯ ಬಾಗಿಲ ಬಳಿ ಇಟ್ಟಿದ್ದೆ. ಅಮ್ಮ ಹಾವು ಕಂಡವಳ ಹಾಗೆ ಹಾರಿ ಬಂದು ಅದನ್ನು ಮೂಲೆಗೆ ನೂಕಿದಳು. "ಓಡಾಡೋ ಜಾಗದಲ್ಲಿ ಎಂತದೂ ಇಡ್ಬೇಡ." ಸಂಜೆ ಕುರ್ಚಿಯನ್ನು ಗಾಳಿ ಬರುವ ಕಡೆ ಎಳೆದುಕೊಂಡರೆ ಅದಕ್ಕೂ ಬೈಗುಳ. ಚೊಂಬು ಇದ್ದಲ್ಲೇ ಇರಬೇಕು, ಮಣೆ ಇದ್ದಲ್ಲೇ ಇರಬೇಕು. ಮೊದಲು ಹೀಗಿರಲಿಲ್ಲ. ಆಗ ಈ ಮನೆಯಲ್ಲಿ ಕತ್ತಿ ಹುಡುಕಲು ಒಂದು ಬೆಳಗ್ಗೆ ಬೇಕಾಗುತ್ತಿತ್ತು.

ಇನ್ನೊಂದು. ಅಮ್ಮನ ಬಾಯಿ ಈಗ ನಿಲ್ಲುವುದೇ ಇಲ್ಲ. ರೇಡಿಯೋದ ಕ್ರಿಕೆಟ್ ಕಾಮೆಂಟರಿಯ ಹಾಗೆ. "ತಿಮ್ಮಣ್ಣ ಬಂದ, ಕೈಯಲ್ಲಿ ಬಾಳೆಗೊನೆ ಇದೆ. ಬೆಕ್ಕು ಮೆಟ್ಟಿಲ ಮೇಲೆ ಮಲಗಿದೆ. ಕಾಫಿ ನಿಮ್ಮ ಬಲಗಡೆ ಇಟ್ಟೆ." ಬೆಕ್ಕು ಮಲಗಿದ್ದೂ ಸುದ್ದಿಯೇ? ನಾನು ಊಟಕ್ಕೆ ಕೂರುವಾಗ ಕೆಟ್ಟ ಕಿವಿಯನ್ನು ಅವಳ ಕಡೆಗೇ ಮಾಡಿ ಕೂರುತ್ತೇನೆ. ಹರಿದ ಪರದೆಯಿಂದ ಆದ ಒಂದೇ ಲಾಭ.

ಅಪ್ಪಯ್ಯ ಚಪ್ಪಲಿ ಹಾಕುವುದನ್ನೇ ಬಿಟ್ಟಿದ್ದಾರೆ. ಗದ್ದೆಗೂ ಬರಿಗಾಲು. ವಯಸ್ಸಾದ ಹಾಗೆ ಜಿಪುಣತನ ಬಲಿಯುತ್ತದೆ. ಕೊಟ್ಟಿಗೆಯಿಂದ ಗದ್ದೆಯ ಅಂಚಿನವರೆಗೆ ಉದ್ದಕ್ಕೆ ಒಂದು ಹುರಿಹಗ್ಗ ಬೇರೆ ಕಟ್ಟಿದ್ದಾರೆ. ಬಟ್ಟೆ ಒಣಗಿಸಲು ಎಂದಳು ಅಮ್ಮ. ಒಂದು ಬಟ್ಟೆಯೂ ಅದರ ಮೇಲೆ ಕಂಡಿಲ್ಲ.

ಫೆಬ್ರವರಿ 12, ಮಂಗಳವಾರ

ಇವತ್ತು ಸ್ವಲ್ಪ ಗೆಲುವಾಗಿದ್ದೇನೆ. ಬರೆಯಲೇಬೇಕು.

ಒಬ್ಬ ಗಿರಾಕಿ ನೀರಿನಡಿ ತೆಗೆದು ನನಗೆ ಕೊಟ್ಟ ಫೋಟೋಗಳು ಬ್ಯಾಗಿನಲ್ಲಿದ್ದವು. ತಿಮ್ಮಣ್ಣ ಕಾಫಿಗೆ ಬಂದಿದ್ದ. ನಮ್ಮ ಪಕ್ಕದ ಗದ್ದೆಯವನು, ಬಾಯಿಯೂ ಪಕ್ಕದ ಗದ್ದೆಯವರೆಗೆ ಕೇಳುವಂಥದ್ದು. ಫೋಟೋ ಕೊಟ್ಟು, "ಇದರಲ್ಲಿ ಮೀನು ಎಲ್ಲಿದೆ ಹೇಳು" ಎಂದೆ. ಅದು ಸ್ಟೋನ್ ಫಿಶ್, ಕಲ್ಲುಮೀನು. ಮೈಮೇಲೆ ಪಾಚಿ ಬೆಳೆಸಿಕೊಂಡು ಕಲ್ಲಿನ ನಡುವೆ ಕಲ್ಲಾಗಿ ಕೂತಿರುತ್ತದೆ. ಬೆನ್ನಿನ ಮುಳ್ಳು ತುಳಿದರೆ ಮನುಷ್ಯ ಉಳಿದರೆ ಪುಣ್ಯ. ತಿಮ್ಮಣ್ಣ ಫೋಟೋವನ್ನು ಹತ್ತಿರ ಹಿಡಿದ, ದೂರ ಹಿಡಿದ, ಓರೆ ಮಾಡಿದ.

"ಕಲ್ಲಿನ ಫೋಟೋ ತೆಗಿಯೋಕೆ ಅಂಡಮಾನಿಗೆ ಹೋಗ್ಬೇಕಿತ್ತಾ ಮಾರಾಯ? ನಮ್ಮ ಹಳ್ಳದಲ್ಲೇ ಬೇಕಾದಷ್ಟಿದ್ವಲ್ಲ!"

ನಾನು ವಿವರಿಸಿದೆ. ಮೀನನ್ನು ಹುಡುಕಬಾರದು, ಕಣ್ಣನ್ನು ಹುಡುಕಬೇಕು. ಮೈಯನ್ನು ಕಲ್ಲು ಮಾಡಿಕೊಳ್ಳಬಹುದು, ಎಲೆ ಮಾಡಿಕೊಳ್ಳಬಹುದು, ಕಣ್ಣನ್ನು ಏನೂ ಮಾಡಿಕೊಳ್ಳಲಾಗುವುದಿಲ್ಲ. ಅದೇ ಅವನ್ನು ಹಿಡಿದುಕೊಡುವುದು. ಅಮ್ಮನಿಗೂ ಕಾಣಲಿಲ್ಲ. ಅವಳು ಸರಿಯಾಗಿ ನೋಡಲೂ ಇಲ್ಲ, ಬೇಗ ಬೇಗ ಲೋಟ ಎತ್ತಿಕೊಂಡು ಒಳಗೆ ಹೋದಳು.

ಅಪ್ಪಯ್ಯ ಕೈ ಚಾಚಿದರು. ಫೋಟೋದ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, "ಕಂಡ್ತು" ಎಂದರು. "ಒಳ್ಳೆ ಮೀನು."

"ಎಲ್ಲಿ ಎಲ್ಲಿ?" ಎಂದು ತಿಮ್ಮಣ್ಣ ಬಾಗಿದ.

"ನಿಂಗೆ ತೋರ್ಸಿದ್ರೂ ಕಾಣಲ್ಲ, ಬಿಡು."

ಒಂದೇ ನೋಟಕ್ಕೆ! ಅದೂ ಫೋಟೋವನ್ನು ತಲೆಕೆಳಗಾಗಿ ಹಿಡಿದುಕೊಂಡು. ದುಡ್ಡು ಕೊಟ್ಟು ಇಳಿಯುವ ಗಿರಾಕಿಗಳಿಗೆ ನಾನು ಮೂಗಿನ ಮುಂದೆ ತೋರಿಸಿದರೂ ಕಾಣುವುದಿಲ್ಲ. ನನ್ನ ಕಣ್ಣು ಯಾರಿಂದ ಬಂದದ್ದೆಂದು ಇವತ್ತು ಗೊತ್ತಾಯಿತು. ಹೆಮ್ಮೆಯಾಯಿತು, ಇಲ್ಲವೆನ್ನುವುದಿಲ್ಲ.

ಫೆಬ್ರವರಿ 20, ಬುಧವಾರ

ಭತ್ತ ಕೊಯ್ದ ಗದ್ದೆಯಲ್ಲಿ ಅಪ್ಪಯ್ಯ ಪ್ರತಿವರ್ಷದಂತೆ ಸೌತೆ ಹಾಕಿದ್ದಾರೆ. ಬಳ್ಳಿ ಹಬ್ಬಿ ಹೂ ಬಿಟ್ಟಿದೆ. ಹೊತ್ತು ಹೋಗದೆ ನಾನೂ ನೀರು ಹೊರಲು ಹೋದೆ.

ನಿಜ ಹೇಳಬೇಕೆಂದರೆ ಅಡಗಿದ್ದನ್ನು ಹುಡುಕುವುದನ್ನು ಕಲಿತದ್ದು ನಾನು ಇಲ್ಲೇ. ಎಲೆಯಡಿಯ ಎಳೆ ಸೌತೆಕಾಯಿ ಎಲೆಯ ಬಣ್ಣವೇ, ಮೇಲೆ ಗೀರು ಬೇರೆ. ನಾನು ಚಿಕ್ಕವನಿದ್ದಾಗ ಅಪ್ಪಯ್ಯ ನಿಂತಲ್ಲಿಂದಲೇ, "ಅಗಾ ಅಲ್ಲೊಂದು ಮಿಡಿ, ಇಲ್ಲೊಂದು ಮಿಡಿ" ಎಂದು ತೋರಿಸುತ್ತಿದ್ದರು. ಮುಷ್ಟಿ ಕಟ್ಟಿದ ಕೈಯಿಂದ. ಮಿಡಿಗೆ ತೋರುಬೆರಳು ಚಾಚಬಾರದು, ಚಾಚಿದರೆ ಕೊಳೆತು ಉದುರುತ್ತದೆ. ಮರೆತು ಚಾಚಿದಾಗಲೆಲ್ಲ ಫಟೀರನೆ ಕೈಮೇಲೆ ಬೀಳುತ್ತಿತ್ತು: "ಬೆರಳು ಮಡಿಚ!"

ಆ ಅಭ್ಯಾಸ ನನ್ನನ್ನು ಸಮುದ್ರದಡಿಯಲ್ಲೂ ಬಿಡಲಿಲ್ಲ. ಮೊದಲ ವರ್ಷ, ಒಬ್ಬ ಇಂಗ್ಲಿಷ್ ಹೆಂಗಸು. ಹವಳದ ನಡುವೆ ಬೆಳೆದ ಹಳದಿ ಸ್ಪಂಜಿನ ಪಕ್ಕ ಸ್ಪಂಜಿನ ಹಾಗೇ ಕೂತ ಒಂದು ಫ್ರಾಗ್ ಫಿಶ್ ಸಿಕ್ಕಿತು. ಕಪ್ಪೆಯಂಥ ಮೀನು, ಪಾಪದ್ದು, ಯಾರಿಗೂ ಏನೂ ಮಾಡದು. ನಾನು ಸಂಭ್ರಮದಿಂದ ಊರಿನ ಮರ್ಯಾದೆ ಪ್ರಕಾರ ಮುಷ್ಟಿ ಕಟ್ಟಿ ತೋರಿಸಿದೆ. ಆ ತಾಯಿ ಕಣ್ಣರಳಿಸಿ, ತಿರುಗಿ, ಕಾಲು ಬಡಿಯುತ್ತಾ ಪರಾರಿ! ನೀರಿನಡಿ ಮಾತಿಲ್ಲ, ಕೈಸನ್ನೆಯೇ ಭಾಷೆ. ಆ ಭಾಷೆಯಲ್ಲಿ ಮುಷ್ಟಿ ಚಾಚಿದರೆ 'ಆ ಕಡೆ ಅಪಾಯ' ಎಂದರ್ಥವಂತೆ. ಅವಳು ಮತ್ತೆ ನನ್ನ ಜೊತೆ ಇಳಿಯಲಿಲ್ಲ. ಸೆಲ್ವಂ ದೋಣಿಯ ಮೇಲೆ ನನ್ನ ತೋರುಬೆರಳನ್ನು ಹಿಡಿದು ನೆಟ್ಟಗೆ ಮಾಡಿ, "ಇದು ಯಾತಕ್ಕಿದೆ?" ಎಂದು ಕೇಳಿದ.

ಅವತ್ತಿನಿಂದ ಬೆರಳು ನೆಟ್ಟಗಾಗಿದೆ.

ಫೆಬ್ರವರಿ 29, ಶುಕ್ರವಾರ

ಬಿಸಿಲು. ಕಿವಿಯೊಳಗೆ ಜೇನು ಗುಂಯ್ಗುಡುತ್ತದೆ. ಈ ವರ್ಷ ಫೆಬ್ರವರಿಗೂ ಒಂದು ದಿನ ಜಾಸ್ತಿ. ನನಗೆ ಬೇಕಾಗಿಯೇ ಇತ್ತು!

ಮಾರ್ಚ್ 8, ಶನಿವಾರ

ಶಿವರಾತ್ರಿ ಮುಗಿಯಿತು. ತಡೆಯಲಾಗದೆ ಬೆಳಗ್ಗಿನ ಬಸ್ಸಿಗೆ ಕೊಪ್ಪಕ್ಕೆ ಹೋದೆ. ಅಪ್ಪಯ್ಯನನ್ನೂ ಕರೆದೆ. "ಎಂತಕ್ಕೆ? ನೋಡಿದ್ದೇ ಊರು" ಎಂದರು. ಗೊಬ್ಬರದಂಗಡಿಯ ಕಲ್ಲೇಶಪ್ಪನವರು ನನ್ನನ್ನು ತಡೆದು ನಿಲ್ಲಿಸಿದರು. "ಎಲ್ಲಪ್ಪ ನಿಮ್ಮಪ್ಪ? ಡೈರಿನೂ ನಿಮ್ಮಮ್ಮನೇ ತಗಂಡು ಹೋದ್ರು. ಮುಖ ಕಂಡು ಯಾವ ಕಾಲ ಆತು!" ಇಸ್ಪೀಟಿಗೂ ಬರುವುದಿಲ್ಲವಂತೆ. ನನ್ನ ಮೇಲಿನ ಸಿಟ್ಟನ್ನು ಊರಿನ ಮೇಲೆ ತೀರಿಸುತ್ತಿದ್ದಾರೋ ಏನೋ.

ಕೊಪ್ಪದಿಂದ ಶೃಂಗೇರಿ ಬಸ್ಸು ಸಿಕ್ಕಿತು, ಹತ್ತಿದೆ. ಹೊಳೆಯ ಮೆಟ್ಟಿಲ ಮೇಲೆ ಕೂತು ದೇವರ ಮೀನುಗಳಿಗೆ ಮಂಡಕ್ಕಿ ಹಾಕಿದೆ. ಒಂದರ ಮೈಮೇಲೆ ಒಂದು ಬಿದ್ದು ಬಾಯಿ ತೆರೆಯುತ್ತವೆ. ಯಾರೂ ಹಿಡಿಯುವುದಿಲ್ಲ ಎಂದು ಅವಕ್ಕೆ ಗೊತ್ತು, ಅಡಗುವ ಕಷ್ಟವಿಲ್ಲ. ಹೆದರಿಕೆ ಇದ್ದದ್ದು ಮಾತ್ರ ಕಲ್ಲಾಗುತ್ತದೆ. ಅಂಡಮಾನಿನಲ್ಲಿ ಈಗ ನೀರು ತಿಳಿಯಾಗಿರುತ್ತದೆ. ನನಗೆ ಹೋಗಬೇಕು. ಈ ಗುಡ್ಡ, ಈ ಜಗುಲಿ, ಆ ಕಾಮೆಂಟರಿ, ಎಲ್ಲ ಬಿಟ್ಟು ಹೋಗಬೇಕು.

ಮಾರ್ಚ್ 14, ಶುಕ್ರವಾರ

ಸಂಜೆ ಸೌತೆಗೆ ನೀರು ಹಾಕುತ್ತಿದ್ದೆವು. ಅಪ್ಪಯ್ಯ ಬರಿಗಾಲಿನಿಂದ ಪಾತಿಯ ಏರನ್ನು ತಡವುತ್ತಾ ಸಾಲು ಹಿಡಿದು ಹೋಗುತ್ತಿದ್ದರು. ಎಲೆಯಡಿ ಜೋಡಿ ಮಿಡಿ ಕಂಡಿತು, ಒಂದೇ ಗೆಣ್ಣಿನಲ್ಲಿ ಎರಡು. ಖುಷಿಯಾಗಿ, "ಅಪ್ಪಯ್ಯ, ಅಲ್ಲಿ ನೋಡಿ, ಅವಳಿ!" ಎಂದು ಬೆರಳು ಚಾಚಿದೆ.

ಚಾಚಿದ ಕೂಡಲೇ ತಪ್ಪಾಯಿತೆಂದು ಗೊತ್ತಾಯಿತು. ಕೈ ಹಿಂದಕ್ಕೆಳೆಯದೆ, ಏಟಿಗಾಗಿ ಕಾದೆ. ಚಿಕ್ಕಂದಿನ ನೆನಪಿಗೆ ನಗುವೂ ಬಂತು.

"ಹೌದು ಮಾರಾಯ, ಅವಳಿ" ಎಂದರು ಅಪ್ಪಯ್ಯ. ನನ್ನ ಮುಖ ಇದ್ದ ಕಡೆಗೆ ನೋಡುತ್ತಿದ್ದರು, ಬಳ್ಳಿಯ ಕಡೆಗಲ್ಲ.

ನಾನು ಬೆರಳನ್ನು ಮಿಡಿಯಿಂದ ತೆಗೆದು ನಿಧಾನಕ್ಕೆ ಅವರ ಮುಖದ ಹತ್ತಿರ ತಂದೆ. ಇನ್ನೂ ಹತ್ತಿರ. ರೆಪ್ಪೆ ಮಿಸುಕಲಿಲ್ಲ.

ಮಾರ್ಚ್ 15, ಶನಿವಾರ

ಹುರಿಹಗ್ಗ. ಚೊಂಬು. ಬೆಕ್ಕು ಮಲಗಿದ್ದು. ತಲೆಕೆಳಗಾದ ಫೋಟೋ.

ಕಣ್ಣನ್ನು ಹುಡುಕಬೇಕು ಎಂದು ತಿಮ್ಮಣ್ಣನಿಗೆ ಪಾಠ ಹೇಳಿದ್ದೆ, ಗೂಬೆ ನಾನು.

ಮಾರ್ಚ್ 16, ಭಾನುವಾರ

ಅಪ್ಪಯ್ಯ ಹಗ್ಗ ಹಿಡಿದು ಗದ್ದೆಗೆ ಹೋದದ್ದನ್ನು ನೋಡಿಕೊಂಡು ಅಮ್ಮನನ್ನು ಹಿಡಿದೆ. ರುಬ್ಬುವ ಕಲ್ಲಿನ ಮುಂದೆ ಕೂತಿದ್ದಳು.

"ಯಾವಾಗಿಂದ?"

ಯಾವುದು ಎಂದು ಕೇಳಲಿಲ್ಲ. ಕಲ್ಲು ತಿರುಗಿಸುತ್ತಲೇ ಹೇಳಿದಳು. ನಾನು ಕಳೆದ ಸಲ ಬಂದು ಹೋದ ವರ್ಷವೇ ಅಂಚಿನಿಂದ ಮಸುಕಾಗುತ್ತಾ ಬಂತಂತೆ. ಕೊಪ್ಪದಲ್ಲಿ ಕಣ್ಣಿನ ಕ್ಯಾಂಪು ನಡೆದಾಗ ಪೊರೆ ಇರಬಹುದೆಂದು ಹೋದರು. ಪೊರೆಯಲ್ಲ, ಒಳಗಿನ ನರ ಒಣಗುತ್ತಿದೆ, ಹೋದ ನೋಟ ಬರುವುದಿಲ್ಲ, ಶಿವಮೊಗ್ಗಕ್ಕೆ ಹೋಗಿ ತೋರಿಸಿ ಎಂದರಂತೆ. ಅಪ್ಪಯ್ಯ ಮನೆಗೆ ಬಂದು, "ಬರಲ್ಲ ಅಂದ್ಮೇಲೆ ಎಂತಕ್ಕೆ ತೋರ್ಸೋದು" ಎಂದು ಕೂತುಬಿಟ್ಟರು.

"ನಂಗೆ ಯಾಕೆ ಹೇಳ್ಲಿಲ್ಲ?"

"ಇವ್ರು ಆಣೆ ಹಾಕ್ಸಿದ್ರು. ಹೇಳಿದ್ರೆ ಓಡಿ ಬರ್ತಾನೆ, ಬಂದ್ರೆ ಮತ್ತೆ ಹೋಗಲ್ಲ, ಅವನ ನೀರು ಅವನಿಗಿರ್ಲಿ ಅಂದ್ರು." ಹಿಟ್ಟು ಬಳಿಯುತ್ತಾ ತಲೆ ಎತ್ತದೆ ಇನ್ನೊಂದು ಮಾತು ಸೇರಿಸಿದಳು. "ನಿಂಗೆ ತಾನಾಗೇ ಕಾಣುತ್ತೆ ಅಂತ ನಾನು ದಿನಾ ಕಾಯ್ತಿದ್ದೆ. ನೀನು ಹುಡುಕೋನು ಅಲ್ದಾ?"

ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ನಾನು ಅಂದುಕೊಂಡಿದ್ದ ಮುನಿಸು ಅಪ್ಪಯ್ಯನಿಗೆ ಯಾವತ್ತೂ ಇರಲೇ ಇಲ್ಲ. ಇದ್ದಿದ್ದರೆ ಎಷ್ಟು ಸುಖವಾಗಿ ಹೋಗಬಹುದಿತ್ತು! ಕಲ್ಲುಮೀನು ಒಮ್ಮೆ ಕಂಡಿತೆಂದರೆ ಮತ್ತೆ ಅದನ್ನು ಬರೀ ಕಲ್ಲು ಎಂದು ನೋಡಲಾಗುವುದಿಲ್ಲ. ಎಷ್ಟು ಕಣ್ಣು ಉಜ್ಜಿಕೊಂಡರೂ ಮೀನೇ. ಕಾಣದೇ ಇದ್ದಿದ್ದರೆ ಒಂದನೇ ತಾರೀಖಿಗೆ ನಾನು ಸಿಳ್ಳೆ ಹಾಕುತ್ತಾ ಹೋಗುತ್ತಿದ್ದೆ.

ಮಾರ್ಚ್ 19, ಬುಧವಾರ

ಶಿವಮೊಗ್ಗದ ಕಿವಿ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಪರದೆ ಚೆನ್ನಾಗಿ ಕೂಡಿಕೊಂಡಿದೆ, ಏಪ್ರಿಲ್‌ನಿಂದ ಇಳೀಬಹುದು" ಎಂದರು. ಎರಡು ತಿಂಗಳಿನಿಂದ ಕಾದ ಮಾತು. ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕೂತಿದ್ದೆ. ಖುಷಿಯಾಗಲಿಲ್ಲ.

ಅಪ್ಪಯ್ಯನಿಗೆ ನನಗೆ ಗೊತ್ತಾಗಿದ್ದು ಗೊತ್ತಿಲ್ಲ. ಅಮ್ಮ ಬಾಯಿ ಬಿಟ್ಟಿಲ್ಲ. ಮನೆಯಲ್ಲಿ ಈಗ ಮೂವರೂ ಅಡಗಿ ಕೂತಿದ್ದೇವೆ. ಅಡಗಿದ ಮೀನನ್ನು ನೋಡಬಹುದು, ಮುಟ್ಟಬಾರದು ಎಂಬುದು ನಮ್ಮ ಕೆಲಸದ ನಿಯಮ. ಮುಟ್ಟಿದರೆ ಜಾಗ ಬಿಟ್ಟು ಏಳುತ್ತದೆ, ಬಯಲಿಗೆ ಬಿದ್ದರೆ ಅದಕ್ಕೆ ಓಡಲೂ ಬರುವುದಿಲ್ಲ. ಹಾಗೆಂದು ಸುಮ್ಮನಿದ್ದೇನೆ. ಹೇಡಿತನವೂ ಇರಬಹುದು.

"ಕಿವಿ ಸರಿಯಾತಾ? ಹಂಗಾರೆ ಟಿಕೆಟ್ ಮಾಡ್ಸು" ಎಂದರು ಅಪ್ಪಯ್ಯ. ಮುಖದಲ್ಲಿ ಎಂಥ ನಗು!

ಮಾರ್ಚ್ 22, ಶನಿವಾರ

ಸಂಜೆ ಅಪ್ಪಯ್ಯ ಬಳ್ಳಿಯಡಿ ಕೈಯಾಡಿಸುತ್ತಿದ್ದವರು ನಿಂತರು. ಎರಡು ಮಿಡಿ ಕಿತ್ತು, ಹಿಸುಕಿ, ಮೂಗಿಗೆ ಹಿಡಿದರು. ಮೆತ್ತಗೆ ಕೊಳೆತಿದ್ದವು. ಅದೇ ಅವಳಿ. ನೊಣ ಚುಚ್ಚಿದರೆ ಹೀಗಾಗುತ್ತದೆ, ನನಗೆ ಗೊತ್ತು. ಆದರೂ ನನ್ನ ಬೆರಳನ್ನು ಒಮ್ಮೆ ನೋಡಿಕೊಂಡೆ.

"ಯಾರೋ ಬೆರಳು ತೋರ್ಸಿದಾರೆ" ಎಂದರು.

ಸುಮ್ಮನಿದ್ದರೆ ಮುಗಿಯುತ್ತಿತ್ತು. "ನಾನೇ" ಎಂದೆ.

"ಯಾವಾಗ?"

"ಹೋದ ವಾರ, ಶುಕ್ರವಾರ. ನೀರು ಹಾಕುವಾಗ."

"ನಾನು ಇರ್ಲಿಲ್ವಾ?"

"ಇದ್ರಿ. ನಿಮ್ಮ ಎದುರಿಗೇ."

ಅಪ್ಪಯ್ಯ ಮಿಡಿಗಳನ್ನು ಕೈಯಲ್ಲೇ ಹಿಡಿದುಕೊಂಡು ನಿಂತರು. ತಿಮ್ಮಣ್ಣನ ಗದ್ದೆಯಲ್ಲಿ ಪಂಪು ಓಡುತ್ತಿತ್ತು.

"ಹಂಗಾರೆ ಗೊತ್ತಾತು ನಿಂಗೆ."

"ಹೂಂ."

"ಗೊತ್ತಾದ್ರೆ ಎಂತಾತು? ಹೋಗು. ಒಂದನೇ ತಾರೀಖಿಗೆ ಹೋಗು."

ನನಗೆ ರೇಗಿತು. "ಹೆಂಗೆ ಹೋಗ್ಲಿ? ನೀವು ಹಗ್ಗ ಹಿಡ್ಕಂಡು ನಡೆಯೋದನ್ನ ನೋಡಿದ ಮೇಲೆ ಹೆಂಗೆ ಹೋಗ್ಲಿ? ನಾನು ಹೋಗಲ್ಲ!"

"ಬಾಯಿ ಮುಚ್ಚ." ಎಷ್ಟೋ ವರ್ಷದ ಮೇಲೆ ಆ ದನಿ ಕೇಳಿದೆ. "ಈ ಮನೆ, ಈ ಗದ್ದೆ ನನ್ನ ಕಾಲಿಗೆ ಗೊತ್ತು. ನೀನು ಇಲ್ದಾಗ ನಾನು ಶ್ರೀನಿವಾಸನೇ. ಊರಿಗೆಲ್ಲ ಶ್ರೀನಿವಾಸನೇ. ನೀನು ಬಂದು ಕೈ ಹಿಡ್ದು ನಡೆಸಿದ್ರೆ ಅವತ್ತೇ ಕುರುಡ ಆಗ್ತೇನೆ. ತಿಳೀತಾ?"

ತಿಳಿಯಿತು. ಮನೆಯವರೆಗೆ ಅವರು ಹಗ್ಗ ಹಿಡಿದು ಮುಂದೆ, ನಾನು ಹಿಂದೆ.

ಮಾರ್ಚ್ 24, ಸೋಮವಾರ

ಸಿಗ್ನಲ್ ಸಿಗುವ ಗುಡ್ಡದ ಮೇಲೆ ಹ್ಯಾಂಡ್‌ಸೆಟ್ ಹಿಡಿದು ಬಹಳ ಹೊತ್ತು ಕೂತಿದ್ದೆ. ಕೊನೆಗೆ ಸೆಲ್ವಂಗೆ ಫೋನ್ ಮಾಡಿದೆ. ಮಳೆಗಾಲ ಕಳೆದು ಅಕ್ಟೋಬರ್‌ಗೆ ಬರುತ್ತೇನೆ ಎಂದೆ. ಸೆಲ್ವಂ ನಗಲಿಲ್ಲ. "ಅಕ್ಟೋಬರ್‌ನಲ್ಲಿ ನೋಡೋಣ" ಎಂದ. ಅದರ ಅರ್ಥ ನನಗೆ ಗೊತ್ತಿದೆ. ಹೊಸ ಹುಡುಗ ಸಿಕ್ಕಿದ್ದಾನೆ.

ತ್ಯಾಗ ಗೀಗ ಎಂದು ಇಲ್ಲಿ ಬರೆಯುವುದಿಲ್ಲ. ಸಂಕಟವಾಯಿತು. ಕಲ್ಲಿನ ಮೇಲೆ ಕೂತು ಅತ್ತೆ. ಇನ್ನು ಆ ನೀರು ನನ್ನದಲ್ಲ.

ಮನೆಗೆ ಬಂದು ಹೇಳಿದೆ. ಅಪ್ಪಯ್ಯ ಊಟ ಬಿಟ್ಟು ಎದ್ದರು. ಅಮ್ಮ ಮಜ್ಜಿಗೆ ಹಿಡಿದು ಅವರ ಹಿಂದೆ, ನಾನು ಅವಳ ಹಿಂದೆ. ಕೊನೆಗೆ ಜಗುಲಿಯಲ್ಲಿ ಒಂದು ಒಪ್ಪಂದಕ್ಕೆ ಬಂದೆವು. ಅವರು ಶಿವಮೊಗ್ಗದ ಕಣ್ಣಾಸ್ಪತ್ರೆಗೆ ಬರಬೇಕು. ನಾನು ಅವರ ಕೈ ಹಿಡಿಯಬಾರದು.

"ಮನೆಯಲ್ಲೂ ಹಿಡಿಬೇಡ, ಪೇಟೆಯಲ್ಲೂ ಹಿಡಿಬೇಡ. ಬೇಕಾರೆ ಬಾಯಲ್ಲಿ ಹೇಳು."

"ಆತು."

"ಬಿದ್ರೂ ಹಿಡಿಬೇಡ."

"ಬಿದ್ರೆ ಅಮ್ಮ ಹಿಡೀತಾಳೆ" ಎಂದೆ. ಅಮ್ಮ ಫಕ್ಕನೆ ನಕ್ಕಳು. ನಾನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮಾರ್ಚ್ 28, ಶುಕ್ರವಾರ

ಶಿವಮೊಗ್ಗಕ್ಕೆ ಹೋಗಿ ಬಂದೆವು. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿನಲ್ಲಿ, ಬಾಗಿಲ ಸಂದಿಯಲ್ಲಿ ಇಣುಕಿದಷ್ಟು ಮಸುಕು ಬೆಳಕು ಉಳಿದಿದೆಯಂತೆ. ದಿನಾ ಹನಿ ಬಿಟ್ಟರೆ ಅದು ಉಳಿಯಬಹುದು. ಎರಡು ವರ್ಷ ಮೊದಲೇ ಬಂದಿದ್ದರೆ ಎಂದು ಡಾಕ್ಟರು ಶುರು ಮಾಡಿದರು. ಅಪ್ಪಯ್ಯ, "ಇರ್ಲಿ ಬಿಡಿ ಸಾರ್, ಈಗ ಬಂದಿದ್ದೀನಲ್ಲ" ಎಂದರು.

ಕೈ ಹಿಡಿಯಲಿಲ್ಲ. ಬಸ್ಸಿನಲ್ಲಿ ನನ್ನ ಒಳ್ಳೆಯ ಕಿವಿ ಅವರ ಕಡೆಗೆ ಬರುವ ಹಾಗೆ ಕೂತೆ. ಹೋಗುವಾಗ ಬರುವಾಗ ನನ್ನ ಬಾಯಿ ಯಾಕೋ ನಿಲ್ಲಲೇ ಇಲ್ಲ. ತೀರ್ಥಹಳ್ಳಿ ಸೇತುವೆ ಬಂತು, ಹೊಳೆಯಲ್ಲಿ ಕಲ್ಲು ಎದ್ದಿದೆ, ಒಬ್ಬಳು ಹಸಿರು ಸೀರೆಯವಳು ಕಂಬಳಿ ಒಗೆಯುತ್ತಿದ್ದಾಳೆ, ಕಂಡಕ್ಟರ್ ತೂಕಡಿಸುತ್ತಿದ್ದಾನೆ, ಕೊಪ್ಪದ ಸ್ಟ್ಯಾಂಡಿನಲ್ಲಿ ನಾಯಿ ಮಲಗಿದೆ. ಅಪ್ಪಯ್ಯ, "ಎಂತಾ ನಾಯಿ?" ಎಂದು ಕೇಳಿದರು. ಬಿಳಿ, ಒಂದು ಕಿವಿ ಕಪ್ಪು ಎಂದೆ. "ಅದು ಕಲ್ಲೇಶಪ್ಪಂದು" ಎಂದರು.

ಏಪ್ರಿಲ್ 2, ಬುಧವಾರ

ತಾರೀಖು ಬರೆಯುವಾಗ ನೋಡಿದೆ, ಒಂದನೇ ತಾರೀಖು ನಿನ್ನೆಯೇ ಕಳೆದಿದೆ. ನಿನ್ನೆ ಇಡೀ ದಿನ ಮಂಗ ಓಡಿಸುವುದರಲ್ಲಿ ಹೋಯಿತು.

ಇವತ್ತು ಮೊದಲ ಕೊಯ್ಲು. ಬೆಳಗ್ಗೆ ಬಿಸಿಲೇರುವ ಮೊದಲೇ ನಾನೂ ಅಪ್ಪಯ್ಯನೂ ಗದ್ದೆಗೆ ಹೋದೆವು. ಒಪ್ಪಂದದಂತೆ ಬಾಯಲ್ಲಿ ಹೇಳುತ್ತಾ ಹೋದೆ. ಎಡಕ್ಕೆ, ಇನ್ನೂ ಸ್ವಲ್ಪ, ಎಲೆ ಎತ್ತಿ, ಅದೇ. ಅವರು ಕಾಯಿ ಕಿತ್ತು ಬೆನ್ನ ಹಿಂದಿನ ಬುಟ್ಟಿಗೆ ಹಾಕುತ್ತಿದ್ದರು, ಒಂದೂ ಗುರಿ ತಪ್ಪಲಿಲ್ಲ.

ಕೊನೆಯ ಸಾಲಿನಲ್ಲಿ ಒಂದು ಎಳೆ ಮಿಡಿ ಇತ್ತು. ಬಳ್ಳಿ ಅಂಚಿನಿಂದ ಕೆಳಗಿಳಿದಲ್ಲಿ, ಒಣಹುಲ್ಲಿನ ನಡುವೆ, ತಾನು ಸೌತೆಯೇ ಅಲ್ಲವೆಂಬಂತೆ ಮಲಗಿತ್ತು. ತುಳಿದುಬಿಟ್ಟಾರು ಎಂದು ಹೇಳಲು ಹೊರಟೆ. "ಅಂಚಿನ ಕೆಳಗೆ, ಹುಲ್ಲಲ್ಲಿ, ಅಲ್ಲ, ಈಚೆಗೆ, ಅಲ್ಲ ಅಲ್ಲ..." ಮಾತಿಗೆ ಸಿಗುವ ಜಾಗವೇ ಆಗಿರಲಿಲ್ಲ ಅದು. ಅಪ್ಪಯ್ಯ ಎರಡು ಸಲ ಗಾಳಿಯನ್ನು ತಡವಿ ನಿಂತರು.

ಆಮೇಲೆ ತಾವೇ ಕೈ ಚಾಚಿ ನನ್ನ ಹೆಗಲು ಹಿಡಿದರು. ಹೆಗಲಿನಿಂದ ತೋಳು, ತೋಳಿನಿಂದ ಮೊಣಕೈ, ಮಣಿಕಟ್ಟು. ನಾನು ಯಾವ ಕಡೆ ಕೈ ಮಾಡಿದ್ದೇನೆಂದು ತಿಳಿಯಲು ಹಾಗೆ ಸವರಿಕೊಂಡು ಬಂದ ಕೈ ನನ್ನ ಬೆರಳಿಗೆ ಬಂದು ಗಕ್ಕನೆ ನಿಂತಿತು. ಬೆರಳು ನೆಟ್ಟಗೆ ಚಾಚಿಕೊಂಡಿತ್ತು.

ಫಟೀರನೆ ಬಿತ್ತು.

"ಬೆರಳು ಮಡಿಚ ಮಾರಾಯ! ಇದನ್ನೂ ಕೊಳೆಸ್ಬೇಕಂತ ಮಾಡಿದ್ಯಾ?"

ನನ್ನ ತೋರುಬೆರಳನ್ನು ತಾವೇ ಮಡಿಚಿ ಮುಷ್ಟಿ ಕಟ್ಟಿಸಿದರು. ಆಮೇಲೆ ಆ ಮುಷ್ಟಿಯನ್ನು ಬಿಡದೆ, ಅದು ತೋರಿದ ಕಡೆಗೆ ಬಗ್ಗಿ, ಇನ್ನೊಂದು ಕೈಯಿಂದ ಹುಲ್ಲು ಸರಿಸಿ ಮಿಡಿಯನ್ನು ಮುಟ್ಟಿದರು.

ಕೈ ಇನ್ನೂ ಚುರುಗುಡುತ್ತಿದೆ.